915ರ ಒಂದು ವ್ಯಾಟ್ ಮಾಡ್ಯೂಲ್ ತಗೊಳ್ಳೋ ಮೊದಲು ಇದನ್ನು ಓದಿ

ಪ್ರಶ್ನೆ: ನಾನು ಶಿರಾ ಕಡೆಯ ಹಳ್ಳಿಯವನು. ಒಂದೂವರೆ ಮೀಟರ್ ರೆಕ್ಕೆಯ ಫೋಮ್ ವಿಮಾನ ಹಾರಿಸುತ್ತೇನೆ. ರೇಡಿಯೊ 2.4 ಗಿಗಾಹರ್ಟ್ಸ್‌ನ ಸಾದಾ ಆರು ಚಾನೆಲ್ ಸೆಟ್ಟು. ಕೆರೆ ಏರಿಯ ಕೆಳಗಿನ ಬಯಲಲ್ಲಿ ನಿಂತು ಹಾರಿಸುತ್ತೇನೆ. ತೆಂಗಿನ ತೋಟದ ಆಚೆ, ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ, ಎರಡು ಸಲ ಕಂಟ್ರೋಲ್ ತಪ್ಪಿತು. ಒಂದು ಸಲ ತಾನಾಗೇ ಸರಿಹೋಯಿತು. ಇನ್ನೊಂದು ಸಲ ವಿಮಾನ ತೋಟದೊಳಗೆ ಬಿತ್ತು. 915 ಮೆಗಾಹರ್ಟ್ಸ್‌ನ 1 ವ್ಯಾಟ್ ಮಾಡ್ಯೂಲ್ ಹಾಕಿದರೆ ಹತ್ತು ಕಿಲೋಮೀಟರ್ ಹೋಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ? ಲಾಂಗ್ ರೇಂಜ್ ಲಿಂಕ್ ಹೊಂದಿಸುವುದು ಹೇಗೆ?

ಉತ್ತರ: ತಗೊಳ್ಳಬೇಡಿ. ನಿಮ್ಮ ತೊಂದರೆ ಪವರ್ ಕಡಿಮೆ ಇರುವುದರಿಂದ ಬಂದಿದ್ದಲ್ಲ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೂ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ.

915 ಅನ್ನುವುದು ಅಮೆರಿಕದ ಬ್ಯಾಂಡು. ಅಲ್ಲಿ 902ರಿಂದ 928 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ನಮ್ಮಲ್ಲಿ ಹಾಗಿಲ್ಲ. 890ರಿಂದ 915ರವರೆಗಿನ ಜಾಗದಲ್ಲಿ ಮೊಬೈಲ್ ಫೋನುಗಳು ಟವರಿನ ಜೊತೆ ಮಾತಾಡುತ್ತವೆ. ಫೋನಿನಿಂದ ಬರುವ ತೀರಾ ಸಣ್ಣ ಸಿಗ್ನಲ್ ಕೇಳಿಸಿಕೊಳ್ಳಲು ಟವರ್ ಕಾಯುತ್ತಿರುತ್ತದೆ. ನೀವು ಅಲ್ಲಿ 1 ವ್ಯಾಟ್ ಕಳಿಸಿದರೆ ಅದಕ್ಕೆ ಕೇಳುವುದು ನಿಮ್ಮ ಗದ್ದಲ. ಸಾಲದು ಅಂತ ವಿಮಾನದಲ್ಲಿರುವ ರಿಸೀವರ್ ಕೂಡ ಟೆಲಿಮೆಟ್ರಿ, ಅಂದರೆ ಸಿಗ್ನಲ್ ಎಷ್ಟಿದೆ ಅನ್ನುವಂಥ ಮಾಹಿತಿ, ವಾಪಸ್ ಕಳಿಸುತ್ತದೆ. ನೂರು ಮೀಟರ್ ಎತ್ತರದಿಂದ ಅದು ಸುತ್ತಲಿನ ಎಷ್ಟೋ ಟವರ್‌ಗಳಿಗೆ ನೇರವಾಗಿ ಕಾಣುತ್ತದೆ. ಬೇರೆಯವರ ಫೋನು ಕೆಡುವುದು ಒಂದು ಕಡೆಯಾದರೆ, ಫೋನುಗಳ ಗದ್ದಲ ನಿಮ್ಮ ಲಿಂಕಿಗೆ ಬರುವುದು ಇನ್ನೊಂದು ಕಡೆ. ಕಾನೂನು ಬಿಟ್ಟು ನೋಡಿದರೂ ಕಂಟ್ರೋಲ್ ಲಿಂಕ್ ಇಡುವಂಥ ಜಾಗ ಅದಲ್ಲ.

ಎರಡನೆಯದು ದೂರ. 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಅಂದರೆ ಒಟ್ಟು ತೂಕ 25 ಕಿಲೋ ಮೀರದ್ದು, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಹವ್ಯಾಸಕ್ಕೆ ಬಳಸುವಂಥದ್ದು, ಮತ್ತು ಕಣ್ಣಳತೆಯೊಳಗೆ ಹಾರಿಸುವಂಥದ್ದು. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲಿ ಎತ್ತರದ ಮಿತಿ 120 ಮೀಟರ್. ಅನುಮತಿ ಬೇಕಾದ ಹಳದಿ, ಕೆಂಪು ವಲಯ ಎಲ್ಲಿದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಕೊಳ್ಳಿ. ನಿಮ್ಮ ಉತ್ತರಕ್ಕೆ ಚಳ್ಳಕೆರೆ ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಇದೆ. ಆ ದಿಕ್ಕಿಗೆ ಹೋಗಿ ಹಾರಿಸುವ ಯೋಚನೆ ಇದ್ದರೆ ನಕ್ಷೆ ನೋಡದೆ ಹೊರಡಲೇಬೇಡಿ.

ಕಣ್ಣಳತೆ ಅಂದರೆ ಎಷ್ಟು? ಒಂದೂವರೆ ಮೀಟರ್ ರೆಕ್ಕೆ 500 ಮೀಟರ್ ದೂರದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಒಂದು ಕಿಲೋಮೀಟರಿನಲ್ಲಿ ಆರನೇ ಒಂದು ಭಾಗ. ಅಲ್ಲಿ ವಿಮಾನ ಇದೆ ಅಂತ ಗೊತ್ತಾಗುತ್ತದೆ. ಆದರೆ ನಮ್ಮ ಕಡೆ ಬರುತ್ತಿದೆಯಾ, ದೂರ ಹೋಗುತ್ತಿದೆಯಾ ಅಂತ ಹೇಳುವುದು ಕಷ್ಟ. ಹಾಗಾಗಿ ಹತ್ತು ಕಿಲೋಮೀಟರ್ ಮಾತು ನಿಮಗೆ ಬೇಕಾಗಿಲ್ಲ. ನಿಮಗೆ ಬೇಕಿರುವುದು ಒಂದು ಕಿಲೋಮೀಟರ್ ಒಳಗೆ ಯಾವ ಮೂಲೆಯಲ್ಲಿ, ಹೇಗೆ ತಿರುಗಿದರೂ ಬಿಡದ ಲಿಂಕು. ಲಾಂಗ್ ರೇಂಜ್ ಸಾಮಾನು ಕೊಳ್ಳುವುದು ದೂರ ಹೋಗುವುದಕ್ಕೆ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಹತ್ತಿರದಲ್ಲೇ ಧಾರಾಳವಾಗಿ ಮಾರ್ಜಿನ್ ಇಟ್ಟುಕೊಳ್ಳುವುದಕ್ಕೆ.

ಈಗ ಲೆಕ್ಕ. 2.4 ಗಿಗಾಹರ್ಟ್ಸ್ ಸಿಗ್ನಲ್ ತೆರೆದ ಬಯಲಲ್ಲಿ ಒಂದು ಕಿಲೋಮೀಟರ್ ಹೋದರೆ ಸುಮಾರು 100 ಡಿಬಿ ಕಳೆದುಕೊಳ್ಳುತ್ತದೆ. ಡಿಬಿ ಅಂದರೆ ಸಿಗ್ನಲ್ ಎಷ್ಟು ಪಟ್ಟು ಏರಿತು, ಇಳಿಯಿತು ಅನ್ನುವ ಅಳತೆ; 10 ಡಿಬಿ ಅಂದರೆ ಪವರ್ ಹತ್ತು ಪಟ್ಟು. 100 ಮಿಲಿವ್ಯಾಟ್ ಅಂದರೆ 20 ಡಿಬಿಎಂ, ಅಂದರೆ 1 ಮಿಲಿವ್ಯಾಟಿಗಿಂತ 20 ಡಿಬಿ ಜಾಸ್ತಿ. ಆಂಟೆನಾದ್ದು ಒಂದೆರಡು ಡಿಬಿ ಸೇರಿಸಿದರೂ ಬಿಟ್ಟರೂ, ಒಂದು ಕಿಲೋಮೀಟರ್ ಆಚೆ ವಿಮಾನಕ್ಕೆ ಮುಟ್ಟುವುದು ಹೆಚ್ಚುಕಡಿಮೆ ಮೈನಸ್ 80 ಡಿಬಿಎಂ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಲಾಂಗ್ ರೇಂಜ್ ಪದ್ಧತಿಯ (ಮುಂದೆ ವಿವರಿಸುತ್ತೇನೆ) ರಿಸೀವರ್ 150 ಹರ್ಟ್ಸ್, ಅಂದರೆ ಸೆಕೆಂಡಿಗೆ 150 ಸಲದ ವೇಗದಲ್ಲಿ ಮೈನಸ್ 112ರವರೆಗೆ ಕೇಳಿಸಿಕೊಳ್ಳುತ್ತದೆ. ಅಂದರೆ ಅಂಥ ಸೆಟ್ಟಿನಲ್ಲಿ 30 ಡಿಬಿಗೂ ಜಾಸ್ತಿ ಉಳಿತಾಯ ಇದೆ. ಪ್ರತಿ 6 ಡಿಬಿಗೆ ದೂರ ಎರಡು ಪಟ್ಟು ಆಗುತ್ತದೆ. 30 ಡಿಬಿ ಇದ್ದರೆ ಬಯಲಿನ ಲೆಕ್ಕದಲ್ಲಿ ಮೂವತ್ತು ಕಿಲೋಮೀಟರ್! ಅದೂ ಬರೀ 100 ಮಿಲಿವ್ಯಾಟಿಗೆ.

ಹಾಗಾದರೆ ಅರ್ಧ ಕಿಲೋಮೀಟರಿಗೆ ಲಿಂಕ್ ಯಾಕೆ ಬಿತ್ತು? ನಿಮ್ಮ ಸಾದಾ ಸೆಟ್ಟಿನ ಉಳಿತಾಯ ಇದಕ್ಕಿಂತ ಕಡಿಮೆ ಇದ್ದರೂ ಅರ್ಧ ಕಿಲೋಮೀಟರಿಗೆ ಸಾಕು. ಆ ಉಳಿತಾಯವನ್ನು ಯಾರೋ ತಿನ್ನುತ್ತಿದ್ದಾರೆ. ಇನ್ನೊಂದು ಮಾತು ನೆನಪಿಡಿ. 100 ಮಿಲಿವ್ಯಾಟಿನಿಂದ 1 ವ್ಯಾಟಿಗೆ ಹೋದರೆ ಸಿಗುವುದು ಬರೀ 10 ಡಿಬಿ. ಆಂಟೆನಾ ತಪ್ಪು ದಿಕ್ಕಿಗೆ ತುದಿ ಮಾಡಿ ನಿಂತರೆ 20 ಡಿಬಿ ಸುಮ್ನೆ ಹೋಗಿಬಿಡುತ್ತದೆ. ದುಡ್ಡು ಕೊಟ್ಟು 10 ತಂದು, ಪುಕ್ಕಟೆ 20 ಕಳೆದರೆ ಏನು ಲಾಭ?

ತಿನ್ನುವವರನ್ನು ಒಬ್ಬೊಬ್ಬರಾಗಿ ಹುಡುಕೋಣ. ಮೊದಲ ಅನುಮಾನ ರೇಡಿಯೊ ಮೇಲೆ ಅಲ್ಲವೇ ಅಲ್ಲ, ಕರೆಂಟಿನ ಮೇಲೆ. "ಒಂದು ಸಲ ತಾನಾಗೇ ಸರಿಹೋಯಿತು" ಅಂದಿದ್ದೀರಲ್ಲ, ಅದು ರಿಸೀವರಿಗೆ ವೋಲ್ಟೇಜ್ ಕುಸಿದು, ಅದು ಆಫ್ ಆಗಿ ಮತ್ತೆ ಆನ್ ಆದ ಲಕ್ಷಣವೂ ಇರಬಹುದು. ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿ ಒಳಗೇ ಇರುವ, ರಿಸೀವರಿಗೂ ಸರ್ವೊಗಳಿಗೂ (ರೆಕ್ಕೆ, ಬಾಲದ ಭಾಗಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳು) ಕರೆಂಟ್ ಕೊಡುವ ಬಿಇಸಿ ಎಷ್ಟೋ ಕಡೆ ಹಳೆಯ ಲೀನಿಯರ್ ಮಾದರಿಯದು. ಹೆಚ್ಚಾದ ವೋಲ್ಟೇಜನ್ನು ಅದು ಬಿಸಿಯಾಗಿ ಸುಟ್ಟು ಹಾಕುತ್ತದೆ. ಮೂರು ಸೆಲ್ಲಿನ ಬ್ಯಾಟರಿ ತುಂಬಿದಾಗ 12.6 ವೋಲ್ಟ್. ಅದನ್ನು 5ಕ್ಕೆ ಇಳಿಸಿ 1 ಆಂಪಿಯರ್ ಕೊಟ್ಟರೆ 7.6 ವ್ಯಾಟ್ ಶಾಖ. ನಾಲ್ಕು ಸೆಲ್ಲಾದರೆ 11.8 ವ್ಯಾಟ್. ಬಿಸಿಲಲ್ಲಿ, ಫೋಮ್ ಪೆಟ್ಟಿಗೆಯೊಳಗೆ, ನಾಲ್ಕು ಸರ್ವೊ ಒಟ್ಟಿಗೆ ಎಳೆದಾಗ ಅದು ಕೈಕೊಡುತ್ತದೆ. ತಿರುವಿನಲ್ಲಿ ಸರ್ವೊಗಳು ಜಾಸ್ತಿ ಎಳೆಯುತ್ತವೆ. ತೋಟದ ಆಚೆ ನೀವು ತಿರುಗಿಸಿದ ಜಾಗವೂ ಅದೇ ಇರಬಹುದು.

ಪ್ರೊಪೆಲ್ಲರ್ ಬಿಚ್ಚಿ. ರಿಸೀವರಿನ ಖಾಲಿ ಚಾನೆಲ್ ಪಿನ್ನಿಗೆ ಮಲ್ಟಿಮೀಟರ್ ಹಚ್ಚಿ, ಕನಿಷ್ಠ ಮೌಲ್ಯ ಹಿಡಿದಿಡುವ ಗುಂಡಿ ಇದ್ದರೆ ಒತ್ತಿ. ಎರಡೂ ಸ್ಟಿಕ್ಕನ್ನು ಐದು ನಿಮಿಷ ಜೋರಾಗಿ ಆಡಿಸಿ. ಯಾರಾದರೂ ಎಲೆರಾನು, ಎಲಿವೇಟರನ್ನು (ರೆಕ್ಕೆಯ, ಬಾಲದ ಅಲುಗುವ ಭಾಗಗಳನ್ನು) ಮೆಲ್ಲಗೆ ತಡೆಹಿಡಿಯಲಿ. 5 ವೋಲ್ಟ್ ಇರಬೇಕಾದ್ದು 4.5ಕ್ಕೆ ಇಳಿದರೆ ಬಿಇಸಿ ಬದಲಿಸಿ. ಮೀಟರ್ ನಿಧಾನ, ತೀರಾ ಚಿಕ್ಕ ಕುಸಿತ ಅದಕ್ಕೆ ಕಾಣದೇ ಹೋಗಬಹುದು. ಹಾಗಾಗಿ 5 ವೋಲ್ಟ್ 5 ಆಂಪಿಯರಿನ ಸ್ವಿಚಿಂಗ್ ಮಾದರಿಯ ಬೇರೆ ಬಿಇಸಿ ಹಾಕಿಬಿಡುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಆಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಕನೆಕ್ಟರಿನಿಂದ ಹೊರತೆಗೆದು ಟೇಪು ಸುತ್ತುವುದು ಮರೆಯಬೇಡಿ. ಎರಡು ಬಿಇಸಿ ಒಂದೇ ಸಾಲಿಗೆ ಕೊಡಬಾರದು.

ಎರಡನೇ ಅನುಮಾನ ಆಂಟೆನಾ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನೋಡಿದ ವಿಮಾನಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಎಡವಿರುತ್ತವೆ.

2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.3 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ 31 ಮಿಲಿಮೀಟರ್, ರಿಸೀವರ್ ತಂತಿಯ ತುದಿಯಲ್ಲಿ ಬೋಳಾಗಿರುತ್ತದೆ. ಕೆಲಸ ಮಾಡುವುದು ಆ ತುದಿ ಮಾತ್ರ. ಮಿಕ್ಕ ಕಪ್ಪು ತಂತಿ ಬರೀ ದಾರಿ. ಆ 31 ಮಿಲಿಮೀಟರನ್ನು ಮಡಚಿ, ಬ್ಯಾಟರಿ ಪಕ್ಕ ತುರುಕಿ, ಕಾರ್ಬನ್ ಕೊಳವೆಗೆ ಅಂಟಿಸಿ ಇಟ್ಟಿರುವುದನ್ನು ಎಷ್ಟೋ ನೋಡಿದ್ದೇನೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು. ರೇಡಿಯೊ ಅಲೆಗೆ ಅದು ಲೋಹದ ಗೋಡೆ ಇದ್ದಂತೆಯೇ. ಫೋಮಿನಿಂದ ಏನೂ ತೊಂದರೆ ಇಲ್ಲ, ಅದರೊಳಗೇ ಹುದುಗಿಸಬಹುದು. ಬೋಳು ತುದಿ ನೆಟ್ಟಗಿರಲಿ. ಬ್ಯಾಟರಿ, ಮೋಟಾರ್ ತಂತಿ, ಇಎಸ್‌ಸಿ, ಕ್ಯಾಮೆರಾ, ವಿಡಿಯೊ ಟ್ರಾನ್ಸ್‌ಮಿಟರ್ ಇವುಗಳಿಂದ ಆದಷ್ಟು ದೂರ ಇರಲಿ.

ದಿಕ್ಕು ಯಾವುದು? ಕಡ್ಡಿಯಂಥ ಆಂಟೆನಾ ತನ್ನ ಪಕ್ಕಗಳಿಗೆ ಚೆನ್ನಾಗಿ ಕೇಳುತ್ತದೆ, ತುದಿಯ ಕಡೆಗೆ ಬಹುತೇಕ ಕಿವುಡು. ಅದನ್ನು ವಿಮಾನದ ಉದ್ದಕ್ಕೆ ಮಲಗಿಸಿದರೆ, ವಿಮಾನ ನಿಮ್ಮಿಂದ ನೇರ ದೂರ ಹೋಗುವಾಗಲೂ ನೇರ ನಿಮ್ಮ ಕಡೆ ಬರುವಾಗಲೂ ತುದಿ ನಿಮ್ಮ ಕಡೆ ಇರುತ್ತದೆ. ಅತಿ ದೂರದ ಹೊತ್ತಿಗೇ ಅತಿ ಕೆಟ್ಟ ದಿಕ್ಕು. ಲಂಬವಾಗಿ ನಿಲ್ಲಿಸಿದರೆ ಅದು ಕಿವುಡಾಗುವುದು ವಿಮಾನ ನಿಮ್ಮ ತಲೆಯ ಮೇಲೆ ಇದ್ದಾಗ. ಆಗ ದೂರ ನೂರು ಮೀಟರೂ ಇರುವುದಿಲ್ಲ, ಸಿಗ್ನಲ್ ಬೇಕಾದಷ್ಟು. ಆದ್ದರಿಂದ ಒಂದೇ ಆಂಟೆನಾ ಇದ್ದರೆ ಲಂಬವಾಗಿ ನಿಲ್ಲಿಸಿ. ಎರಡಿದ್ದರೆ ಒಂದು ಲಂಬ, ಇನ್ನೊಂದು ರೆಕ್ಕೆಯ ಉದ್ದಕ್ಕೆ ಅಡ್ಡ. ವಿಮಾನ ಕಡಿದಾಗಿ ವಾಲಿದಾಗ ಎರಡನೆಯದು ಕಾಪಾಡುತ್ತದೆ.

ರೇಡಿಯೊ ಕಡೆಯೂ ಇದೇ ಮಾತು. ಆಂಟೆನಾದ ತುದಿಯನ್ನು ವಿಮಾನದ ಕಡೆ ಚಾಚುವುದು ತಪ್ಪು. ಅದರ ಪಕ್ಕ ವಿಮಾನಕ್ಕೆ ಕಾಣಬೇಕು. ಮೇಲಕ್ಕೆ ಮಡಚಿ ನಿಲ್ಲಿಸಿಕೊಳ್ಳಿ. ನಿಮ್ಮ ಮೈ ಕೂಡ ಅಡ್ಡ ಬರುತ್ತದೆ. ವಿಮಾನಕ್ಕೆ ಬೆನ್ನು ಮಾಡಿ, ರೇಡಿಯೊವನ್ನು ಹೊಟ್ಟೆಯ ಹತ್ತಿರ ಹಿಡಿದು ಪಕ್ಕದವರ ಜೊತೆ ಮಾತಾಡುತ್ತಾ ನಿಂತರೆ ಹತ್ತು ಡಿಬಿಗೂ ಜಾಸ್ತಿ ಹೋಗಬಹುದು. ನಿಮ್ಮ 1 ವ್ಯಾಟಿನ ಲಾಭ ಅಲ್ಲಿಗೆ ಮುಗಿಯಿತು.

ಆಂಟೆನಾ ಬೇರೆ ಕೊಳ್ಳುವವರು ಕನೆಕ್ಟರ್ ನೋಡಿ. ಎಸ್‌ಎಂಎ, ಆರ್‌ಪಿ-ಎಸ್‌ಎಂಎ ಅಂತ ಎರಡು ಬಗೆ ಇವೆ. ಹೊರಗಿನ ತಿರುಪಿನ ಮರೆ ಒಂದೇ, ತಿರುಗಿಸಿದರೆ ಎರಡೂ ಕೂರುತ್ತವೆ. ಆದರೆ ಒಳಗೆ ಪಿನ್ನಿಗೆ ಪಿನ್ನು ಅಥವಾ ತೂತಿಗೆ ತೂತು ಎದುರಾದರೆ ಸರಿಯಾದ ಸಂಪರ್ಕವೇ ಆಗಿರುವುದಿಲ್ಲ. ಮೇಲ್ನೋಟಕ್ಕೆ ಎಲ್ಲ ಸರಿ ಕಾಣುತ್ತದೆ, ರೇಂಜು ಮಾತ್ರ ನೂರಿನ್ನೂರು ಮೀಟರ್. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟರ್ ಆನ್ ಮಾಡಿದರೂ ಹೀಗೇ, ಒಳಗಿನ ಪವರ್ ಚಿಪ್ ಕೆಡಬಹುದು. ರಿಸೀವರಿನ ಮೇಲಿನ ಪುಟಾಣಿ ಐಪೆಕ್ಸ್ ಕನೆಕ್ಟರ್ ಅಂತೂ ಒಂದು ಜೋರು ಇಳಿತಕ್ಕೇ ಕಳಚಿಕೊಳ್ಳುತ್ತದೆ. ಒಂದು ಹನಿ ಗ್ಲೂ ಗನ್ ಅಂಟು ಹಾಕಿ.

ಈಗ ತೋಟದ ವಿಷಯ. ವಿಮಾನ ಕಣ್ಣಿಗೆ ಕಾಣುತ್ತಿದೆ ಅಂದ ಮಾತ್ರಕ್ಕೆ ರೇಡಿಯೊಗೂ ದಾರಿ ತೆರವಾಗಿದೆ ಅಂತಲ್ಲ. ರೇಡಿಯೊ ಅಲೆಗೆ ನೇರ ಗೆರೆಯ ಸುತ್ತ ಒಂದಷ್ಟು ಜಾಗ ಬೇಕು. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. 500 ಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ನಡುಮಧ್ಯದಲ್ಲಿ ಅದರ ಅರೆವ್ಯಾಸ ಸುಮಾರು 4 ಮೀಟರ್. ನಿಮ್ಮ ತೋಟ 250 ಮೀಟರ್ ದೂರದಲ್ಲಿದೆ, ಮರಗಳು 18 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ನೀವು ಬಯಲಲ್ಲಿ ನಿಂತಿದ್ದೀರಿ, ರೇಡಿಯೊ ನೆಲದಿಂದ ಒಂದೂವರೆ ಮೀಟರ್ ಮೇಲೆ. 500 ಮೀಟರ್ ಆಚೆ ವಿಮಾನ 35 ಮೀಟರ್ ಎತ್ತರದಲ್ಲಿದ್ದರೆ ಗೆರೆ ತೋಟದ ಹತ್ತಿರ 18.25 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಗರಿಗಳ ನೆತ್ತಿ ಸವರಿಕೊಂಡು ವಿಮಾನ ಕಾಣುತ್ತದೆ. ಆದರೆ ಫ್ರೆನೆಲ್ ವಲಯದ ಕೆಳಗಿನ ಅರ್ಧ ಗರಿಗಳ ಒಳಗಿದೆ. ಚೂಪಾದ ಅಂಚೊಂದೇ ಹೀಗೆ ಅಡ್ಡ ಬಂದರೂ 6 ಡಿಬಿ ಹೋಗುತ್ತದೆ. ನೀರು ತುಂಬಿದ ಹಸಿ ಗರಿಗಳ ಸಾಲು ಇನ್ನೂ ಜಾಸ್ತಿ ನುಂಗುತ್ತದೆ. ಸ್ವಲ್ಪ ಕೆಳಗಿಳಿದರೆ ಪೂರಾ ಮರೆ.

ಇದಕ್ಕೆ ಪರಿಹಾರ ನಿಮ್ಮ ಕಾಲಬುಡದಲ್ಲೇ ಇದೆ. ಏರಿ ಹತ್ತಿ ನಿಲ್ಲಿ. ಏರಿ 6 ಮೀಟರ್ ಇದ್ದು, ವಿಮಾನವನ್ನು 40 ಮೀಟರಿಗೆ ಏರಿಸಿದರೆ ಗೆರೆ ತೋಟದ ಮೇಲೆ 23.75 ಮೀಟರಿನಲ್ಲಿ ಹೋಗುತ್ತದೆ. ಮರದ ನೆತ್ತಿಗಿಂತ ಆರು ಮೀಟರ್ ಹತ್ತಿರ ಮೇಲೆ. ದಾರಿ ಪೂರಾ ತೆರವು. ಖರ್ಚು ಏನೂ ಇಲ್ಲ. ಏರಿಯ ಮೇಲೆ ಓಡಾಡುವ ಜನ, ದನ ಇರುವ ಹೊತ್ತಲ್ಲಿ ಬೇಡ, ಅಷ್ಟೇ.

ಇಷ್ಟು ಸರಿಮಾಡಿದ ಮೇಲೆ ಹೊಸ ರೇಡಿಯೊ ಬೇಕಾ? ಈಗಿನ ಸೆಟ್ಟಿನಲ್ಲೇ ಅರ್ಧ ಕಿಲೋಮೀಟರ್ ಧಾರಾಳವಾಗಿ ಹಾರಿಸಬಹುದು ಅಂತ ನನಗೆ ಅನಿಸುತ್ತದೆ. ಆದರೂ ನಾನು ಬದಲಿಸಿ ಅನ್ನುತ್ತೇನೆ. ಕಾರಣ ರೇಂಜಲ್ಲ, ಮಾಹಿತಿ. ಲಿಂಕ್ ಎಷ್ಟು ಗಟ್ಟಿ ಇದೆ ಅಂತ ನಿಮ್ಮ ಸೆಟ್ಟು ಹೇಳುವುದಿಲ್ಲ. ಬಿದ್ದ ಮೇಲಷ್ಟೇ ಗೊತ್ತಾಗುತ್ತದೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಲ್ಲರಿಗೂ ಮುಕ್ತವಾಗಿರುವ ಓಪನ್ ಸೋರ್ಸ್ ಪದ್ಧತಿ. ಲೋರಾ ಅನ್ನುವ ಮಾಡ್ಯುಲೇಶನ್ ಬಳಸುತ್ತದೆ. ಗದ್ದಲದ ಮಟ್ಟಕ್ಕಿಂತ ಕೆಳಗಿರುವ ಸಿಗ್ನಲನ್ನೂ ಅದು ಹೆಕ್ಕಿ ತೆಗೆಯುತ್ತದೆ. ರೇಡಿಯೊಮಾಸ್ಟರ್ ಪಾಕೆಟ್, ಬಾಕ್ಸರ್‌ನಂಥ ಸೆಟ್ಟುಗಳು ಇದೇ ಒಳಗಿರುವ ಮಾದರಿಯಲ್ಲಿ ಸಿಗುತ್ತವೆ. ಪಾಕೆಟ್ 250 ಮಿಲಿವ್ಯಾಟ್‌ವರೆಗೆ ಕೊಡುತ್ತದೆ. ನಿಮಗೆ ಅದು ಸಾಕು, ಮಿಕ್ಕಿತು. ಕೊಳ್ಳುವಾಗ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ (ಉಪಕರಣಕ್ಕೆ ಕೊಡುವ ಒಪ್ಪಿಗೆ) ಪ್ರಮಾಣಪತ್ರ ಇದೆಯಾ ಅಂತ ಅಂಗಡಿಯವರನ್ನು ಕೇಳಿ.

866 ಮೆಗಾಹರ್ಟ್ಸ್ ಯಾಕೆ ಬೇಡ ಅಂತ ತಿಳಿದವರು ಕೇಳುತ್ತಾರೆ. ನಮ್ಮಲ್ಲಿ 865ರಿಂದ 868ರವರೆಗೆ ಲೈಸೆನ್ಸ್ ಬೇಡ ನಿಜ. 1 ವ್ಯಾಟ್‌ವರೆಗೂ ಬಿಟ್ಟಿದ್ದಾರೆ. ಅಲೆ ಉದ್ದ, ಹಾಗಾಗಿ ಅದೇ ದೂರಕ್ಕೆ 2.4ಕ್ಕಿಂತ 9 ಡಿಬಿ ಕಡಿಮೆ ನಷ್ಟ. ಗಿಡಮರಗಳ ನಡುವೆಯೂ ಸ್ವಲ್ಪ ಚೆನ್ನಾಗಿ ನುಸುಳುತ್ತದೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ಭಾರತಕ್ಕೆ ಅಂತಲೇ ಐಎನ್866 ಎಂಬ ಆಯ್ಕೆ ಕೂಡ ಇದೆ. ಆದರೆ ನಿಯಮದಲ್ಲಿ ಕ್ಯಾರಿಯರಿನ ಅಗಲ, ಅಂದರೆ ಸಿಗ್ನಲ್ ಬ್ಯಾಂಡಿನಲ್ಲಿ ಹಿಡಿಯುವ ಜಾಗ, 200 ಕಿಲೋಹರ್ಟ್ಸ್ ಅಂತಿದೆ. ಈ ಪದ್ಧತಿ ಆ ಬ್ಯಾಂಡಿನಲ್ಲಿ ಬಳಸುವುದು 500 ಕಿಲೋಹರ್ಟ್ಸ್. ಫರ್ಮ್‌ವೇರಿನಲ್ಲಿ (ಉಪಕರಣದ ಒಳಗಿನ ತಂತ್ರಾಂಶದಲ್ಲಿ) ಆಯ್ಕೆ ಇದ್ದ ಮಾತ್ರಕ್ಕೆ ನಿಯಮ ಒಪ್ಪಿತು ಅಂತಲ್ಲ. ಅದೂ ಅಲ್ಲದೆ 869ರಿಂದ ಮೇಲಕ್ಕೆ ಮೊಬೈಲ್ ಟವರ್‌ಗಳು ಫೋನುಗಳಿಗೆ ಕಳಿಸುವ ಬ್ಯಾಂಡ್ ಶುರುವಾಗುತ್ತದೆ. ಟವರ್ ಹತ್ತಿರ ಹಾರಿಸಿದರೆ ಆ ಜೋರು ಸಿಗ್ನಲ್ ಪಕ್ಕದಲ್ಲೇ ಕಿರುಚುತ್ತಿರುತ್ತದೆ. ಯುರೋಪಿನ 868 ಆಯ್ಕೆ ಇಟ್ಟುಕೊಂಡು ಹಾರಿಸುವವರಂತೂ ಇನ್ನೂ ತೊಂದರೆಗೆ ಬೀಳುತ್ತಾರೆ. ಅದರ ಮೇಲಿನ ತುದಿ 869.5 ದಾಟಿ ಟವರಿನ ಜಾಗಕ್ಕೇ ಹೋಗುತ್ತದೆ. ಕಣ್ಣಳತೆಯ ಹಾರಾಟಕ್ಕೆ ಇಷ್ಟೆಲ್ಲ ತಲೆನೋವು ಬೇಡ ಅನ್ನುವುದು ನನ್ನ ಅಭಿಪ್ರಾಯ. 2.4 ಸಾಕು.

ರಿಸೀವರ್ ಆರಿಸುವಾಗ ಹೊರಗೆ ತಂತಿ ಆಂಟೆನಾ ಇರುವ, ಸರ್ವೊ ನೇರ ಚುಚ್ಚಬಹುದಾದ ಪಿಡಬ್ಲ್ಯುಎಂ ಮಾದರಿ ತಗೊಳ್ಳಿ. ಬೋರ್ಡಿನ ಮೇಲೇ ಸೆರಾಮಿಕ್ ಚಿಪ್ ಆಂಟೆನಾ ಇರುವ ಪುಟಾಣಿ ರಿಸೀವರ್ ರೇಸಿಂಗ್ ಡ್ರೋನಿಗೆ ಸರಿ, ನಿಮಗಲ್ಲ.

ಹೊಂದಿಸುವುದು ಕಷ್ಟವೇನಿಲ್ಲ. ರೇಡಿಯೊ ಮತ್ತು ರಿಸೀವರ್ ಎರಡರ ಫರ್ಮ್‌ವೇರೂ ಒಂದೇ ಮುಖ್ಯ ಸರಣಿಯದಾಗಿರಬೇಕು. ಒಂದರಲ್ಲಿ 2, ಇನ್ನೊಂದರಲ್ಲಿ 3 ಇದ್ದರೆ ಏನು ಮಾಡಿದರೂ ಬೈಂಡ್ ಆಗುವುದಿಲ್ಲ, ಅಂದರೆ ಒಂದಕ್ಕೊಂದು ಜೋಡಿಯಾಗುವುದಿಲ್ಲ. ಎರಡಕ್ಕೂ ಒಂದೇ ಬೈಂಡಿಂಗ್ ಫ್ರೇಸ್ (ಜೋಡಿಸುವ ಗುಟ್ಟಿನ ಪದ) ಕೊಡಿ, ಬೇರೆ ಯಾರಿಗೂ ಹೊಳೆಯದಂಥದ್ದು. ರಿಸೀವರಿಗೆ ಕರೆಂಟ್ ಕೊಟ್ಟು ರೇಡಿಯೊ ಆಫ್ ಇಟ್ಟರೆ 60 ಸೆಕೆಂಡಿನಲ್ಲಿ ಅದು ವೈಫೈ ಶುರುಮಾಡುತ್ತದೆ. ಫೋನಿನಿಂದ ಅದಕ್ಕೆ ಸೇರಿ, ಬ್ರೌಸರಿನಲ್ಲಿ 10.0.0.1 ತೆರೆದರೆ ಎಲ್ಲ ಆಯ್ಕೆಗಳೂ ಸಿಗುತ್ತವೆ. ಇದೇ ಗುಣ ಬಯಲಲ್ಲಿ ಗಾಬರಿ ಹುಟ್ಟಿಸುವುದೂ ಉಂಟು. ವಿಮಾನಕ್ಕೆ ಬ್ಯಾಟರಿ ಹಾಕಿ, ಮಾತಾಡುತ್ತಾ ನಿಂತು, ಆಮೇಲೆ ರೇಡಿಯೊ ಆನ್ ಮಾಡಿದರೆ ಲಿಂಕ್ ಬರುವುದಿಲ್ಲ. ರಿಸೀವರ್ ವೈಫೈಗೆ ಹೋಗಿಬಿಟ್ಟಿರುತ್ತದೆ. ಬ್ಯಾಟರಿ ತೆಗೆದು ಹಾಕಿ, ಅಷ್ಟೇ. ಯಾವಾಗಲೂ ಮೊದಲು ರೇಡಿಯೊ, ಆಮೇಲೆ ವಿಮಾನ.

ಪ್ಯಾಕೆಟ್ ರೇಟ್, ಅಂದರೆ ರೇಡಿಯೊ ಸೆಕೆಂಡಿಗೆ ಎಷ್ಟು ಸಲ ಆಜ್ಞೆ ಕಳಿಸುತ್ತದೆ ಅನ್ನುವುದು, 150 ಇಡಿ, ಅಥವಾ 100 ಫುಲ್. ಎರಡಕ್ಕೂ ಕೇಳುವ ಮಿತಿ ಮೈನಸ್ 112. 500 ಹರ್ಟ್ಸ್ ಇಟ್ಟರೆ ಮಿತಿ ಮೈನಸ್ 105ಕ್ಕೆ ಬರುತ್ತದೆ, 7 ಡಿಬಿ ಸುಮ್ನೆ ನಷ್ಟ. ನಿಮ್ಮ ಅನಲಾಗ್ ಸರ್ವೊ ಸೆಕೆಂಡಿಗೆ 50 ಸಲ ಮಾತ್ರ ಆಜ್ಞೆ ತಗೊಳ್ಳುತ್ತದೆ. ಅದಕ್ಕೆ 500 ಸಲ ಹೇಳಿ ಏನು ಪ್ರಯೋಜನ? ಪವರ್ ಸದ್ಯಕ್ಕೆ 100 ಮಿಲಿವ್ಯಾಟಿಗೆ ಸ್ಥಿರವಾಗಿಡಿ, ಡೈನಾಮಿಕ್ ಬೇಡ. ಪವರ್ ತಾನೇ ಏರಿಳಿಯುತ್ತಿದ್ದರೆ ಪರೀಕ್ಷೆ ಮಾಡುವಾಗ ಅಂಕಿಗಳನ್ನು ನಂಬುವಂತಿಲ್ಲ. ಇನ್ನೊಂದು ಎಚ್ಚರಿಕೆ: 3ನೇ ಸರಣಿಯಲ್ಲಿ ಐದನೇ ಚಾನೆಲ್ ಆರ್ಮ್ ಸ್ವಿಚ್ಚಿಗೆ (ಮೋಟಾರ್ ಓಡಲು ಬಿಡುವ ಸ್ವಿಚ್ಚು) ಮೀಸಲು. ಅದಕ್ಕೆ ಆನ್, ಆಫ್ ಎರಡೇ ಗೊತ್ತು. ಫ್ಲಾಪನ್ನೋ ಎರಡನೇ ಎಲೆರಾನನ್ನೋ ಅದಕ್ಕೆ ಕೊಡಬೇಡಿ. ಹಳೆ ಸೆಟ್ಟಿನ ಅಭ್ಯಾಸದಲ್ಲಿ ಐದಕ್ಕೆ ಎಲೆರಾನ್ ಚುಚ್ಚಿ, ಯಾಕೆ ಒಂದೇ ಸಲ ಪೂರ್ತಿ ಹೊರಳುತ್ತೆ ಅಂತ ತಲೆ ಕೆಡಿಸಿಕೊಳ್ಳುವವರು ಬೇಕಾದಷ್ಟು ಜನ. ವೈಫೈ ಪುಟದಲ್ಲಿ ರಿಸೀವರಿನ ಯಾವ ಪಿನ್ನಿಗೆ ಯಾವ ಚಾನೆಲ್ ಅಂತ ಬದಲಿಸಬಹುದು.

ಫೇಲ್‌ಸೇಫ್, ಅಂದರೆ ಲಿಂಕ್ ಹೋದಾಗ ರಿಸೀವರ್ ಏನು ಮಾಡಬೇಕು ಅನ್ನುವುದು, ಅದೇ ಪುಟದಲ್ಲಿದೆ. ಲಿಂಕ್ ಹೋದರೆ ಥ್ರಾಟಲ್ ಸೊನ್ನೆ, ಎಲಿವೇಟರ್ ಒಂಚೂರು ಮೇಲೆ, ರಡ್ಡರ್ ಅಥವಾ ಎಲೆರಾನ್ ಒಂದು ಕಡೆಗೆ ಸ್ವಲ್ಪ. ವಿಮಾನ ದೊಡ್ಡ ಸುತ್ತು ಹಾಕುತ್ತಾ ಹತ್ತಿರದಲ್ಲೇ ಇಳಿಯುತ್ತದೆ. ನೇರ ಇಟ್ಟರೆ ತೇಲಿಕೊಂಡು ರಸ್ತೆಗೋ ಊರಿಗೋ ಹೋದೀತು. ಕೊನೆಯ ಆಜ್ಞೆಯನ್ನೇ ಹಿಡಿದಿಡುವ ಆಯ್ಕೆ ಎಂದೂ ಬೇಡ. ಪೂರ್ತಿ ಥ್ರಾಟಲ್‌ನಲ್ಲಿ ಲಿಂಕ್ ಹೋದರೆ ಪೂರ್ತಿ ಥ್ರಾಟಲ್‌ನಲ್ಲೇ ಹೋಗುತ್ತದೆ. ಮುಂದೆ ಜಿಪಿಎಸ್ ಇರುವ ಫ್ಲೈಟ್ ಕಂಟ್ರೋಲರ್ ಹಾಕಿದರೆ ಅದರೊಳಗಿನ ಐನಾವ್ ಅಥವಾ ಆರ್ಡುಪೈಲಟ್ ತಂತ್ರಾಂಶ ವಿಮಾನವನ್ನು ತಾನೇ ಮನೆಗೆ ತರುತ್ತದೆ. ಆಗ ಈ ಕೆಲಸ ರಿಸೀವರಿನದ್ದಲ್ಲ, ಅದರದ್ದು. ಯಾವುದೇ ಇರಲಿ, ಪ್ರೊಪೆಲ್ಲರ್ ಬಿಚ್ಚಿ, ಅರ್ಧ ಥ್ರಾಟಲ್ ಕೊಟ್ಟು, ರೇಡಿಯೊ ಆಫ್ ಮಾಡಿ ಕಣ್ಣಾರೆ ನೋಡಿ. ಸೆಟ್ಟಿಂಗಿನಲ್ಲಿ ಬರೆದಿದ್ದನ್ನು ನಂಬಬೇಡಿ.

ಈಗ ನೆಲದ ಪರೀಕ್ಷೆ. ಪವರನ್ನು 10 ಮಿಲಿವ್ಯಾಟಿಗೆ ಇಳಿಸಿ. ಸ್ನೇಹಿತರೊಬ್ಬರು ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ನೂರು ಮೀಟರ್ ದೂರ ಹೋಗಿ ನಿಲ್ಲಲಿ. ಪ್ರೊಪೆಲ್ಲರ್ ಇನ್ನೂ ಹಾಕಿರಬಾರದು. ರೇಡಿಯೊದ ಟೆಲಿಮೆಟ್ರಿ ಪುಟದಲ್ಲಿ 1ಆರ್‌ಎಸ್‌ಎಸ್, 2ಆರ್‌ಎಸ್‌ಎಸ್ ಅಂತ ಎರಡು ಆಂಟೆನಾಗಳ ಸಿಗ್ನಲ್ ಬರುತ್ತದೆ. ಒಂದೇ ಆಂಟೆನಾ ಇದ್ದರೆ ಒಂದೇ ಅಂಕಿ. ಲೆಕ್ಕದ ಪ್ರಕಾರ ಮೈನಸ್ 68ರ ಆಸುಪಾಸು ಇರಬೇಕು. ನೆಲದಿಂದ ಮರಳಿ ಬರುವ ಅಲೆಯಿಂದ ಐದಾರು ಡಿಬಿ ಆಚೀಚೆ ಆಗುತ್ತದೆ, ಪರವಾಗಿಲ್ಲ. ಮೈನಸ್ 85 ಬಂದರೆ ಎಲ್ಲೋ ತೊಂದರೆ ಇದೆ. ಕನೆಕ್ಟರ್ ನೋಡಿ, ಮಡಚಿದ ಆಂಟೆನಾ ನೋಡಿ. ಆಮೇಲೆ ಅವರು ನಿಂತಲ್ಲೇ ವಿಮಾನವನ್ನು ಎಲ್ಲ ದಿಕ್ಕಿಗೂ ತಿರುಗಿಸಲಿ. ಮೂತಿ ನಿಮ್ಮ ಕಡೆ, ಬಾಲ ನಿಮ್ಮ ಕಡೆ, ರೆಕ್ಕೆ ವಾಲಿಸಿ, ಹೊಟ್ಟೆ ತೋರಿಸಿ. ಎಲ್ಲಿ ಅಂಕಿ ಜಾಸ್ತಿ ಬೀಳುತ್ತದೆ ಅಂತ ಬರೆದುಕೊಳ್ಳಿ. ಎರಡು ಆಂಟೆನಾದಲ್ಲಿ ಒಂದಾದರೂ ಚೆನ್ನಾಗಿದ್ದರೆ ಸಾಕು. ಎರಡೂ ಒಟ್ಟಿಗೆ 20 ಡಿಬಿ ಬೀಳುವ ದಿಕ್ಕು ಇದ್ದರೆ ಆಂಟೆನಾ ಜಾಗ ಬದಲಿಸಿ ಮತ್ತೆ ಮಾಡಿ. ಕೊನೆಗೆ ಮೋಟಾರ್ ಓಡಿಸಿ, ಕ್ಯಾಮೆರಾ ಇದ್ದರೆ ಆನ್ ಮಾಡಿ. ಸಿಗ್ನಲ್ ಹಾಗೇ ಇದ್ದು ಲಿಂಕ್ ಕ್ವಾಲಿಟಿ (ನೂರಕ್ಕೆ ಎಷ್ಟು ಆಜ್ಞೆ ಸರಿಯಾಗಿ ಮುಟ್ಟಿತು ಅನ್ನುವ ಅಂಕಿ) ಮಾತ್ರ ಇಳಿದರೆ ನಿಮ್ಮ ವಿಮಾನವೇ ಗದ್ದಲ ಮಾಡುತ್ತಿದೆ ಅಂತ ಅರ್ಥ.

10 ಮಿಲಿವ್ಯಾಟಿನಿಂದ 100ಕ್ಕೆ ಹೋದರೆ ಬಯಲಲ್ಲಿ ದೂರ ಮೂರು ಪಟ್ಟು ಆಗುತ್ತದೆ. ಹಾಗಾಗಿ 10ರಲ್ಲಿ ನೆಲದ ಮೇಲೆ 300 ಮೀಟರ್ ಗಟ್ಟಿ ನಿಂತ ಲಿಂಕು, 100ರಲ್ಲಿ ಆಕಾಶದಲ್ಲಿ ಒಂದು ಕಿಲೋಮೀಟರಿಗೆ ಹೆದರಬೇಕಾಗಿಲ್ಲ.

ಹಾರಿಸುವ ಮೊದಲು ರೇಡಿಯೊ ಸೆಟ್ಟಿನ ತಂತ್ರಾಂಶವಾದ ಎಡ್ಜ್‌ಟಿಎಕ್ಸ್‌ನಲ್ಲಿ ಎರಡು ಅಲಾರಂ ಇಡಿ. ಲಿಂಕ್ ಕ್ವಾಲಿಟಿ, ಅಂದರೆ ಆರ್‌ಕ್ಯೂಎಲ್‌ವೈ, 80ಕ್ಕಿಂತ ಕೆಳಗೆ ಬಂದರೆ ಒಂದು. ಸಿಗ್ನಲ್ ಮೈನಸ್ 100 ದಾಟಿದರೆ ಇನ್ನೊಂದು. ಮಿತಿಗೆ ಇನ್ನೂ 12 ಡಿಬಿ ಇರುವಾಗಲೇ ರೇಡಿಯೊ ಕೂಗುತ್ತದೆ. ಕೂಗಿದ ತಕ್ಷಣ ಎತ್ತರ ಏರಿಸಿ, ವಾಪಸ್ ತಿರುಗಿಸಿ. ಕೆಳಗಿಳಿಸಬೇಡಿ. ಟೆಲಿಮೆಟ್ರಿಯನ್ನು ಮೆಮೊರಿ ಕಾರ್ಡಿಗೆ ದಾಖಲಿಸುವ ಆಯ್ಕೆಯನ್ನೂ ಆನ್ ಮಾಡಿ. ಮೊದಲ ಹಾರಾಟಗಳಲ್ಲಿ ತೋಟದ ಈಚೆಯೇ ಸುತ್ತಿ. ಆಮೇಲೆ ಎತ್ತರ ಇಟ್ಟುಕೊಂಡು ಆಚೆ ಹೋಗಿ ಬನ್ನಿ.

ಮತ್ತೆ ಕಂಟ್ರೋಲ್ ತಪ್ಪಿದರೆ ಆ ದಾಖಲೆ ತೆರೆದು ಕೊನೆಯ ಕೆಲವು ಸೆಕೆಂಡು ನೋಡಿ. ಸಿಗ್ನಲ್ ಮೈನಸ್ 90, 98, 105 ಅಂತ ಜಾರುತ್ತಾ ಹೋಗಿ ನಿಂತಿದ್ದರೆ ಅದು ಆಂಟೆನಾ ಅಥವಾ ಮರ. ಮೈನಸ್ 75ರಲ್ಲಿ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಕತ್ತರಿಸಿ, ಕೆಲ ಸೆಕೆಂಡಿನ ಮೇಲೆ ಮತ್ತೆ ಮೈನಸ್ 75ಕ್ಕೇ ಬಂದಿದ್ದರೆ ರಿಸೀವರಿಗೆ ಕರೆಂಟ್ ಹೋಗಿತ್ತು. ಎರಡೂ ಅಲ್ಲ ಅನಿಸಿದರೆ ಆ ಫೈಲು, ಆಂಟೆನಾ ಕೂರಿಸಿದ ಜಾಗದ ಫೋಟೊ, ಯಾವ ಬಿಇಸಿ ಅನ್ನುವುದು, ಇಷ್ಟನ್ನು ಕಳಿಸಿ. ನೋಡಿ ಹೇಳುತ್ತೇನೆ.